ಖರ್ಜೂರದ ಕೋಣೆಯ ನಿದ್ರೆ

ನಮ್ಮ ಮನೆಯಲ್ಲಿ ಹಗಲು ಹೊತ್ತು ಕುಕ್ಕರ್ ಕೂಗುತ್ತಿರಲಿಲ್ಲ. ರಜೆಯ ದಿನ ಪಪ್ಪ ಕುಚ್ಚಲಕ್ಕಿಯನ್ನು ತೆರೆದ ಪಾತ್ರೆಯಲ್ಲೇ ಬೇಯಿಸುತ್ತಿದ್ದರು; ಗಂಜಿ ಬಸಿಯುವಾಗ ಪಾತ್ರೆ ಸಿಂಕಿಗೆ ತಾಗಿ ಸದ್ದಾಗದಂತೆ ಅಡಿಗೆ ಒದ್ದೆ ಬಟ್ಟೆ ಹಾಸುತ್ತಿದ್ದರು. ಮಿಕ್ಸಿ ತಿರುಗುವುದು ಸಂಜೆ ಐದರ ಮೇಲೆ ಮಾತ್ರ. ಮೀನಿನ ಸಾರಿನ ಮಸಾಲೆ, ಚಟ್ನಿ, ಮರುದಿನದ ದೋಸೆಯ ಹಿಟ್ಟು, ಎಲ್ಲವೂ ಆ ಒಂದು ಗಂಟೆಯಲ್ಲಿ ಒಟ್ಟಿಗೆ ಆಗಬೇಕು. ಆ ಗಂಟೆಯಲ್ಲಿ ಮನೆ ಕಾರ್ಖಾನೆಯ ಹಾಗೆ ಗದ್ದಲ ಮಾಡುತ್ತಿತ್ತು. ಆರೂವರೆಗೆ ಮಮ್ಮಿ ಬಿಳಿ ಬೂಟು ಹಾಕಿಕೊಂಡು ಆಸ್ಪತ್ರೆಯ ವ್ಯಾನ್ ಹತ್ತುತ್ತಿದ್ದರು. ಅವರು ನರ್ಸ್. ಮಕ್ಕಳ ಜೊತೆ ಯಾವ ಹೊತ್ತಿನಲ್ಲಾದರೂ ಒಬ್ಬರು ಇರಲಿ ಎಂದು ರಾತ್ರಿ ಪಾಳಿಯನ್ನು ತಾವೇ ಕೇಳಿ ಪಡೆದಿದ್ದರು. ಹಾಗಾಗಿ ನಮ್ಮ ಮನೆಯ ರಾತ್ರಿ ಹಗಲಿನಲ್ಲಿತ್ತು. ನನಗೂ ತಮ್ಮ ರೋಹನ್‌ಗೂ ಕೈಸನ್ನೆಗಳಿದ್ದವು. ಅಂಗೈ ಕೆಳಗೆ ಮಾಡಿ ಗಾಳಿಯನ್ನು ಎರಡು ಸಲ ಒತ್ತಿದರೆ ‘ಮಮ್ಮಿ ಮಲಗಿದ್ದಾರೆ’ ಎಂದರ್ಥ. ಶಾಲೆಯಿಂದ ಬಂದು ಬೂಟನ್ನು ಗೇಟಿನಲ್ಲೇ ಬಿಚ್ಚಿ, ತಟ್ಟೆಯ ಮೇಲೆ ಚಮಚ ಆಡಿಸದೆ, ಕೈಯಲ್ಲೇ ಅನ್ನ ಕಲಸಿ ತಿನ್ನುತ್ತಿದ್ದೆವು.

ಮಾತಾಡಲು ಬಿಡದ ಹೊತ್ತಿನಲ್ಲಿ ನಾನು ಡೈರಿ ಬರೆಯಲು ಶುರು ಮಾಡಿದೆ. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಏನು ತಿಂದೆವು, ಯಾರು ಬಂದರು, ಗಾಳಿ ಯಾವ ಕಡೆಯದು. ಪುಟದ ಮೂಲೆಯಲ್ಲಿ ಮಮ್ಮಿ ಸರಿಯಾಗಿ ಮಲಗಿದ ದಿನಕ್ಕೆ ಒಂದು ಸೊನ್ನೆ, ಮಲಗದ ದಿನಕ್ಕೆ ಒಂದು ಗೆರೆ. ಈ ಲೆಕ್ಕ ಬೇಕಾಗಿತ್ತು, ಏಕೆಂದರೆ ಗೆರೆಯ ದಿನ ಮನೆಯಲ್ಲಿ ಜಗಳ ಖಂಡಿತ. ನಮ್ಮ ಮನೆಮಾತು ಕೊಂಕಣಿ. ಜಗಳ ಮಾತ್ರ ಕನ್ನಡದಲ್ಲಿ. ರೋಹನ್‌ಗೆ ಅರ್ಥವಾಗಬಾರದೆಂದು ಪಪ್ಪ ಮಮ್ಮಿ ಇಬ್ಬರೂ ಊರಿನ ಶಾಲೆಯಲ್ಲಿ ಕಲಿತ ಭಾಷೆಗೆ ಹೋಗುತ್ತಿದ್ದರು. ನನಗೂ ಅರ್ಥವಾಗುವುದಿಲ್ಲ ಎಂದು ಬಹಳ ಕಾಲ ನಂಬಿದ್ದರು. ನಾನು ಕನ್ನಡ ಕಲಿತದ್ದು ಹಾಗೆ, ಬಾಗಿಲ ಹಿಂದೆ ನಿಂತು.

ಆ ಮನೆಗೆ ಬರುವ ಮೊದಲು ಬಹ್ರೇನಿನ ಪೇಟೆಯ ಸೆಗಯಾದಲ್ಲಿದ್ದೆವು. ಕಾರ್ಗೋ ಅಂಗಡಿಯ ಮೇಲಿನ ಫ್ಲ್ಯಾಟ್. ಬೆಳಗ್ಗೆ ಎಂಟಕ್ಕೆ ಮಮ್ಮಿ ತಲೆದಿಂಬಿಗೆ ತಲೆ ಕೊಟ್ಟರೆ, ಕೆಳಗೆ ಪೆಟ್ಟಿಗೆಗಳಿಗೆ ಟೇಪ್ ಸುತ್ತುವ ಪರಪರ ಸದ್ದು ಶುರುವಾಗುತ್ತಿತ್ತು. ಕಿಟಕಿಗೆ ಕಂಬಳಿ ಕಟ್ಟಿದರು, ಕಿವಿಗೆ ಹತ್ತಿ ಇಟ್ಟರು, ತಲೆನೋವಿನ ಮಾತ್ರೆ ನುಂಗಿದರು. ಒಂದು ಬೆಳಗ್ಗೆ ಡ್ಯೂಟಿಯಿಂದ ಬಂದವರು ಬೂಟು ಬಿಚ್ಚದೆ ಅಡುಗೆಮನೆಯ ನೆಲದ ಮೇಲೆ ಕೂತರು. ಆ ದಿನದ ಮಾತು ಕನ್ನಡದಲ್ಲಿ ನಡೆಯಿತು.

“ಸಿರಿಂಜ್ ಕೈಯಲ್ಲಿತ್ತು. ಬೇರೆ ಬೆಡ್ಡಿನದ್ದು. ನನ್ನ ಪಾಳಿಯ ಲೀನಾ ಕೈ ಹಿಡಿದ್ಲು, ಇಲ್ಲದಿದ್ರೆ ಹೋಗ್ತಿತ್ತು.”

“ಏನೂ ಆಗ್ಲಿಲ್ಲಲ್ಲ?”

“ಇವತ್ತು ಆಗ್ಲಿಲ್ಲ. ನಾಳೆ ನಾನು ನಿದ್ರೆ ಇಲ್ದೆ ಹೋಗಿ ಯಾರನ್ನಾದ್ರೂ ಕೊಂದ್ರೆ?”

ಪಪ್ಪ ಮರುದಿನದಿಂದಲೇ ಬೇರೆ ಮನೆ ಹುಡುಕತೊಡಗಿದರು. ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಕಚೇರಿಯಲ್ಲಿ ಅವರು ಗುಮಾಸ್ತ. ಆ ಕಚೇರಿಗೆ ಕಾಗದಪತ್ರಗಳ ಕೆಲಸಕ್ಕೆ ಬರುತ್ತಿದ್ದ ಹಾಜಿ ಹಸನ್ ಎಂಬ ಮುದುಕರಿಗೆ ಒಂದು ವಿಚಿತ್ರ ಕಷ್ಟವಿತ್ತು. ಬುದೈಯಾ ರಸ್ತೆಯಿಂದ ಒಳಗೆ, ಖರ್ಜೂರದ ತೋಟಗಳ ನಡುವಿನ ಹಳ್ಳಿಯಲ್ಲಿ ತಮ್ಮ ಹಿರಿಯರ ಮನೆಯನ್ನು ಅವರು ವರ್ಷಗಟ್ಟಲೆ ಕಾದು, ಕಲ್ಲಿಗೆ ಕಲ್ಲು ಸೇರಿಸಿ ಮೊದಲಿನಂತೆ ಮಾಡಿದ್ದರು. ಮಕ್ಕಳು ಅಲ್ಲಿ ಇರಲು ಒಪ್ಪಲಿಲ್ಲ. ಖಾಲಿ ಬಿಟ್ಟರೆ ಉಪ್ಪುಗಾಳಿ ಅದನ್ನು ತಿನ್ನುತ್ತದೆ. ದಿನಾ ಬಾಗಿಲು ತೆರೆದು ಮುಚ್ಚುವ ಸಂಸಾರ ಬೇಕು. ಹೀಗೆ ನಾವು ಹೋದೆವು, ನನ್ನ ಹತ್ತನೇ ವಯಸ್ಸಿನಲ್ಲಿ.

ಸಮುದ್ರದಿಂದ ತೆಗೆದ ಹವಳದ ಕಲ್ಲಿನ ಗೋಡೆಗಳು, ಮೇಲೆ ಬಿಳಿ ಜಿಪ್ಸಂ ಗಾರೆ, ನಡುವೆ ಅಂಗಳ, ಅಂಗಳದಲ್ಲಿ ಒಂದು ಬೋರೆ ಮರ. ಮುಂದಿನ ಕೋಣೆಗಳು ಆಮೇಲಿನವು. ಹಿಂದಿನ ಒಂದು ಕೋಣೆ ಮಾತ್ರ ಮಧ್ಯಯುಗದ್ದು ಎಂದು ಹಾಜಿ ಬಾಂಬೆಯ ಹಿಂದಿಯಲ್ಲಿ ಹೇಳಿದರು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಮುತ್ತಿನ ವ್ಯಾಪಾರಕ್ಕೆ ಬಾಂಬೆಗೆ ಹೋಗಿದ್ದವರು ಅವರು.

“ಪೋರ್ಚುಗೀಸರು ಇಲ್ಲಿಗೆ ಬರುವ ಮೊದಲೇ ಇದ್ದ ಕೋಣೆ ಇದು.”

“ಹಾಗಾದ್ರೆ ನಮ್ಮ ಪೋರ್ಚುಗೀಸ್ ಸರ್‌ನೇಮ್‌ಗಿಂತ ಹಳತು,” ಎಂದರು ಪಪ್ಪ. ಹಾಜಿಗೆ ಅದು ಅರ್ಥವಾಗಲಿಲ್ಲ, ಮಮ್ಮಿ ನಕ್ಕರು. ಮಮ್ಮಿ ನಕ್ಕದ್ದನ್ನು ನಾವು ತಿಂಗಳುಗಳಿಂದ ನೋಡಿರಲಿಲ್ಲ.

ಅದು ಮದ್ಬಸ, ಅಂದರೆ ಖರ್ಜೂರದ ಪಾಕ ಇಳಿಸುವ ಕೋಣೆ. ನೆಲದ ತುಂಬ ಗದ್ದೆಯ ಬದುಗಳ ಹಾಗೆ ಉದ್ದುದ್ದ ಏಣುಗಳು, ಏಣುಗಳ ನಡುವೆ ಬೆರಳಗಲದ ಕಾಲುವೆಗಳು. ಹಿಂದಿನ ಕಾಲದಲ್ಲಿ ಖರ್ಜೂರ ತುಂಬಿದ ಚೀಲಗಳನ್ನು ಸೂರಿನವರೆಗೆ ಪೇರಿಸುತ್ತಿದ್ದರಂತೆ. ಅವುಗಳ ಭಾರಕ್ಕೇ ಪಾಕ ಇಳಿದು, ಕಾಲುವೆಗಳಲ್ಲಿ ಹರಿದು, ಮೂಲೆಯಲ್ಲಿ ಹೂತಿಟ್ಟ ಗಡಿಗೆಗೆ ಸೇರುತ್ತಿತ್ತು. ಆ ಪಾಕಕ್ಕೆ ದಿಬ್ಸ್ ಎನ್ನುತ್ತಾರೆ. ಕೋಣೆಗೆ ಕಿಟಕಿ ಇಲ್ಲ. ಬಾಗಿಲು ಮಗುವಿನ ಎತ್ತರ. ಗೋಡೆ ನನ್ನ ಕೈ ಚಾಚಿದಷ್ಟು ದಪ್ಪ. ಒಳಗೆ ಹೋದ ಮಮ್ಮಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವರು ಕೇಳಿದ್ದು ಒಂದೇ.

“ಇಲ್ಲಿ ಮಲಗ್ಬಹುದಾ?”

ಹಾಜಿ ಗಲಿಬಿಲಿಗೊಂಡರು. ಅಲ್ಲಿ ಯಾರೂ ಮಲಗಿದ್ದೇ ಇಲ್ಲ. ಆಮೇಲೆ ಕೈ ಎತ್ತಿ ‘ಮಲಗು ಮಗಳೇ’ ಎಂದರು. ಗೋಡೆಯ ಮೇಲೆ ಅಂಗೈ ಇಟ್ಟು ಪಪ್ಪನಿಗೆ ಇನ್ನೂ ಏನೇನೋ ವಿವರಿಸಿದರು: ಈ ಕಲ್ಲು ನೆಲದಿಂದ ನೀರು ಹೀರುತ್ತದೆ, ಮೇಲಿನಿಂದ ಬಿಡುತ್ತದೆ, ಇದು ಉಸಿರಾಡುವ ಗೋಡೆ. ಪಪ್ಪ ಎಲ್ಲದಕ್ಕೂ ತಲೆಯಾಡಿಸಿದರು. ಅವರ ಕಣ್ಣು ಮಮ್ಮಿಯ ಮುಖದ ಮೇಲಿತ್ತು.

ಏಣುಗಳ ಮೇಲೆ ಹಲಗೆ, ಹಲಗೆಯ ಮೇಲೆ ಹಾಸಿಗೆ. ಮರುದಿನ ಬೆಳಗ್ಗೆ ಒಳಗೆ ಹೋದ ಮಮ್ಮಿ ಸಂಜೆ ಐದಕ್ಕೆ ಹೊರಬಂದಾಗ ಅವರ ಕೆನ್ನೆಯ ಮೇಲೆ ತಲೆದಿಂಬಿನ ಗೆರೆಗಳಿದ್ದವು. “ಹಾಸಿಗೆಯಲ್ಲಿ ಬೆಲ್ಲದ ವಾಸನೆ ಬರ್ತದೆ,” ಎಂದು ಅಂಗಳದಲ್ಲಿ ನಿಂತು ಮೈ ಮುರಿದರು. ನನ್ನ ಡೈರಿಯಲ್ಲಿ ಸೊನ್ನೆಗಳು ಸಾಲಾಗಿ ಬರತೊಡಗಿದವು. ಮಮ್ಮಿ ಹಾಡುತ್ತಾ ಮೀನು ಕೊಯ್ಯುತ್ತಿದ್ದರು. ಹಾಜಿ ಕೊಟ್ಟ ದಿಬ್ಸನ್ನು ಬೆಲ್ಲದ ಬದಲು ಹಾಕಿ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳನ್ನು ಮಾಡಿದರು. ನೇವ್ರಿ, ಅಂದರೆ ಕರಿಗಡುಬು, ಕಪ್ಪಾದರೂ ರುಚಿಯಾಗಿತ್ತು. ಕಷ್ಟವಾದದ್ದು ಪಪ್ಪನಿಗೆ. ಅವರು ಜನ ಬೇಕಾದ ಮನುಷ್ಯ. ಗೆಳೆಯರೆಲ್ಲ ಪೇಟೆಯ ಜಿಂಜ್ ಬಡಾವಣೆಯಲ್ಲಿದ್ದರು. ಅಲ್ಲಿ ಸಂಜೆ ರೋಜರಿಯ ಪ್ರಾರ್ಥನೆ, ಆಮೇಲೆ ಇಸ್ಪೀಟು, ಕೆಳಗಿಳಿದರೆ ಚಾದಂಗಡಿ. ಇಲ್ಲಿ ಅವರಿಗೆ ಮಾತಾಡಲು ಇದ್ದದ್ದು ಪಿಸುಗುಡುವ ಇಬ್ಬರು ಮಕ್ಕಳು. ಗೆರೆಯ ದಿನಗಳು ಕಡಿಮೆಯಾದರೂ ಜಗಳಕ್ಕೆ ಹೊಸ ವಿಷಯ ಸಿಕ್ಕಿತು.

“ಜಿಂಜ್‌ನಲ್ಲಿ ಎಂಟು ಮನೆ ನಮ್ಮವರದ್ದೇ ಉಂಟು. ಮಕ್ಕಳಿಗೆ ಒಂದು ಆಟ ಬೇಡ್ವಾ? ಇವು ಮೂಕರ ಹಾಗೆ ಕೈ ಆಡಿಸ್ತವೆ.”

“ಆಡಿಸ್ಲಿ. ನಾನು ಕೆಲ್ಸ ಮಾಡ್ಬೇಕಾ ಬೇಡ್ವಾ ಅದು ಹೇಳಿ.”

ನಾವು ಹೋಗಿ ಎರಡು ವರ್ಷವಾದ ಮೇಲೆ ಹಾಜಿ ತೀರಿಕೊಂಡರು. ಅವರ ಮಗ ಜಾಫರ್ ಸಭ್ಯ ಮನುಷ್ಯ. ಅಣ್ಣತಮ್ಮಂದಿರಿಗೆ ಪಾಲು ಕೊಡಲು ಮನೆ ಮಾರಲೇಬೇಕು ಎಂದು ಅಂಗಳದಲ್ಲಿ ಕೂತು ವಿವರಿಸಿದ. ಕೊಳ್ಳುವವರಿಗೆ ಒಪ್ಪಿಗೆಯಾದರೆ ನೀವು ಬಾಡಿಗೆಗೆ ಮುಂದುವರಿಯಬಹುದು, ಮನೆ ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದು ನಾನೇ ಹೇಳುತ್ತೇನೆ ಎಂದ. ಆ ಮಾತನ್ನು ಮಮ್ಮಿ ಗಟ್ಟಿಯಾಗಿ ಹಿಡಿದುಕೊಂಡರು. ಮಾರಾಟದ ಏಜೆಂಟ್ ಸಿರಾಜ್ ಅಂಕಲ್ ಉಳ್ಳಾಲದ ಬ್ಯಾರಿ. ಅವರಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಮೊದಲ ದಿನ ಗೇಟಿನಿಂದಲೇ ಕೂಗಿಕೊಂಡು ಬಂದರು.

“ಎಂತ ಮಾರಾಯ್ರೇ, ಮನೆಯಾ ಇದು ಮ್ಯೂಸಿಯಮ್ಮಾ? ಟಿಕೆಟ್ ಉಂಟಾ?”

ರೋಹನ್ ಅಂಗೈ ಕೆಳಗೆ ಮಾಡಿ ಒತ್ತಿದ. ಸಿರಾಜ್ ಅಂಕಲ್ ಗಾಬರಿಯಾಗಿ ಸುತ್ತ ನೋಡಿದರು. “ಯಾರಾದ್ರೂ ಸತ್ತಿದ್ದಾರಾ?” ಎಂದು ಪಿಸುಗುಟ್ಟಿದರು.

ವಿಷಯ ಗೊತ್ತಾದ ಮೇಲೆ ಅವರು ನಮ್ಮ ಪಕ್ಷವಾದರು. ಜನ ನೋಡಲು ಬರುವುದೇ ಆ ಮದ್ಬಸಕ್ಕೆ; ಹಾಗಿದ್ದರೂ ಐದಕ್ಕೆ ಮೊದಲು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಮೊದಲೇ ಬಂದವರನ್ನು ಗೇಟಿನಲ್ಲಿ ತಡೆದು, ಅಷ್ಟು ದೊಡ್ಡ ಗಂಟಲನ್ನು ಅಷ್ಟು ಸಣ್ಣದು ಮಾಡಿ, “ಒಳಗೆ ಮನೆಯವರು ಮಲಗಿದ್ದಾರೆ,” ಎಂದು ಹಿಂದಿಯಲ್ಲಿ, ಅರಬ್ಬಿಯಲ್ಲಿ ಹೇಳುವುದನ್ನು ನಾನು ಬೋರೆ ಮರದ ಕೆಳಗೆ ಕೂತು ಕೇಳುತ್ತಿದ್ದೆ. ಐದಕ್ಕೆ ಮಮ್ಮಿ ಎದ್ದು ಹಾಸಿಗೆ, ಹಲಗೆ ಹೊರಗೆ ತೆಗೆದು, ಏಣುಗಳನ್ನು ಗುಡಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದರು. ನಮ್ಮದಲ್ಲದ ಮನೆಯನ್ನು ಹೀಗೆ ಸಿಂಗರಿಸಿ, ಒಳ್ಳೆಯ ಬಾಡಿಗೆದಾರರ ಮುಖ ಮಾಡಿಕೊಂಡು ನಿಲ್ಲುವುದನ್ನು ನಾವೆಲ್ಲ ಕಲಿತೆವು. ರೋಹನ್ ತಲೆಗೆ ಎಣ್ಣೆ ಹಾಕಿಸಿಕೊಳ್ಳುತ್ತಿದ್ದ.

ಆ ಡಿಸೆಂಬರಿನಲ್ಲಿ ಮಮ್ಮಿಗೆ ಕೆಮ್ಮು ಶುರುವಾಯಿತು. ಗಾರೆಯ ಪುಡಿ ಮಲಗಿದವರ ಮುಖದ ಮೇಲೆ ಉದುರುತ್ತಿತ್ತು. ಊರಿನಲ್ಲಿ ನಮ್ಮವರ ಯಾವ ಮನೆಗೂ ಕ್ರಿಸ್ಮಸ್ಸಿನ ಮೊದಲು ಬಣ್ಣ ಬೀಳದೆ ಇರುವುದಿಲ್ಲ. ಕ್ರಿಸ್ತಜನನದ ಗೋದಲಿ ಕಟ್ಟುವುದಕ್ಕೂ ಮೊದಲು ಸುಣ್ಣಬಣ್ಣ. ಅದು ಆಗದಿದ್ದರೆ ಮನೆಯಲ್ಲಿ ಯಾರೋ ಕಾಯಿಲೆಯಲ್ಲಿದ್ದಾರೆ ಎಂದು ಜನ ತಿಳಿಯುತ್ತಾರೆ. ಪಪ್ಪನ ಕೈ ಸುಮ್ಮನಿರಲಿಲ್ಲ. ಮಮ್ಮಿ ರಜೆಯಲ್ಲಿ ಗೆಳತಿಯ ಮನೆಗೆ ಹೋಗಿದ್ದ ಎರಡು ದಿನಗಳಲ್ಲಿ ಮದ್ಬಸದ ನಾಲ್ಕೂ ಗೋಡೆಗೆ ತಿಳಿಹಸಿರು ಎಣ್ಣೆಬಣ್ಣ ಬಳಿದರು, ಎರಡು ಕೋಟು. ನಾನೂ ರೋಹನ್‌ನೂ ಕೆಳಗೆ ಪೇಪರ್ ಹಾಸಿ ಕೊಟ್ಟೆವು. ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟಿದೆವು. ಮಮ್ಮಿ ಬಂದು ಗೋಡೆಗೆ ಕೆನ್ನೆ ಒತ್ತಿ ನೋಡಿದರು. ಪುಡಿ ಅಂಟಲಿಲ್ಲ.

“ನನ್ನ ತವರಿನ ಹಾಲ್ ಹೀಗೇ ಇತ್ತು,” ಎಂದು ಪಪ್ಪನ ತೋಳು ಹಿಡಿದರು. ಸಿರಾಜ್ ಅಂಕಲ್ ಕೂಡ ನೋಡಿ ಮೆಚ್ಚಿದರು.

“ಮಿಂಚ್ತದೆ ಮಾರಾಯ್ರೇ! ಈಗ ರೇಟ್ ನೋಡಿ.”

ಪಪ್ಪ, ಸಿರಾಜ್ ಅಂಕಲ್ ಇಬ್ಬರೂ ಕೆಂಪುಕಲ್ಲಿನ ಊರಿನವರು. ಆ ಕೆಂಪು ಮುರಕಲ್ಲಿಗೆ ಎಷ್ಟು ಬಣ್ಣ ಬಳಿದರೂ ಅದು ಸುಮ್ಮನೆ ಹೊದ್ದುಕೊಂಡು ಕೂರುತ್ತದೆ. ಹಾಜಿ ಹೇಳಿದ್ದು ಪಪ್ಪನಿಗೆ ಕೇಳಿಸಿರಲಿಲ್ಲ. ಫೆಬ್ರವರಿಯಲ್ಲಿ ಮೊದಲ ಗುಳ್ಳೆ ಎದ್ದಿತು. ಆಮೇಲೆ ಇಡೀ ಗೋಡೆ ಸಿಡುಬು ಎದ್ದವರ ಬೆನ್ನಿನಂತಾಯಿತು. ಒಳಗೆ ಸಿಕ್ಕಿಬಿದ್ದ ನೀರು ಉಪ್ಪನ್ನು ಹೊರಗೆ ತಳ್ಳುತ್ತಿತ್ತು. ಬೆಲ್ಲದ ವಾಸನೆ ಹೋಗಿ ಒದ್ದೆ ಬಟ್ಟೆಯ ವಾಸನೆ ಬಂತು. ಒಂದು ಸಂಜೆ ಒಬ್ಬ ಬಹ್ರೇನಿ ಹೆಂಗಸು ಮನೆ ನೋಡಲು ಬಂದರು. ಹಳೆಯ ಮನೆಗಳ ಬಗ್ಗೆ ತಿಳಿದವರು. ಅಂಗಳ, ಗಾಳಿಗಂಡಿ, ಕೆತ್ತನೆಯ ಜಿಪ್ಸಂ ಎಲ್ಲಕ್ಕೂ ಅವರ ಮುಖ ಅರಳಿತ್ತು. ಮದ್ಬಸಕ್ಕೆ ಬಗ್ಗಿ ಹೋದವರು ಒಂದು ಗುಳ್ಳೆಗೆ ಉಗುರು ತಾಗಿಸಿದರು. ಅಂಗೈಯಷ್ಟು ಹಸಿರು ಕಳಚಿ ಬಿತ್ತು, ಅದರ ಹಿಂದೆ ಗಾರೆಯೂ ಬಿತ್ತು, ಒಳಗಿನ ಹಳೆಯ ಕಲ್ಲು ಹಿಟ್ಟಿನಂತೆ ಸುರಿಯಿತು. ಅವರು ಕೈಗೆ ಅಂಟಿದ ಪುಡಿ ಒರೆಸಿಕೊಂಡು ಹೊರಗೆ ಬಂದರು. ಮಮ್ಮಿ ಒಳ್ಳೆಯ ಬಾಡಿಗೆದಾರರ ಮುಖದಲ್ಲೇ ನಿಂತಿದ್ದರು, ಆ ಹೆಂಗಸಿನ ಕಾರು ಹೊರಟ ಮೇಲೂ.

ಮರುದಿನ ಜಾಫರ್ ಬಂದ. ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ಮದ್ಬಸದ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, “ಈ ಒಂದು ಕೋಣೆಗೆ ನನ್ನ ತಂದೆ ಮೂರು ಬೇಸಿಗೆ ಕೊಟ್ಟರು, ಬ್ರದರ್,” ಎಂದ. ಬಣ್ಣವನ್ನೆಲ್ಲ ಕೆರೆದು ತೆಗೆದು, ಗೋಡೆ ಒಣಗಿ, ಮೊದಲಿನಂತಾದರೆ ಮಾತ್ರ ಕೊಳ್ಳುವವರ ಜೊತೆ ನಮ್ಮ ಬಗ್ಗೆ ಮಾತಾಡುತ್ತೇನೆ, ಇಲ್ಲವಾದರೆ ಶಾಲೆಗೆ ರಜೆ ಬರುವ ಹೊತ್ತಿಗೆ ಬಿಟ್ಟುಕೊಡಿ ಎಂದ.

ತಪಸ್ಸಿನ ಕಾಲ ಅದು, ಈಸ್ಟರಿನ ಮೊದಲಿನ ನಲವತ್ತು ದಿನ. ಪಪ್ಪ ಮೀನು ಮಾಂಸ ಬಿಟ್ಟಿದ್ದರು, ಈಗ ಸಂಜೆಯ ಊಟವನ್ನೂ ಬಿಟ್ಟರು. ಕಚೇರಿಯಿಂದ ನಾಲ್ಕಕ್ಕೆ ಬಂದು, ಅಂಗಿ ಬಿಚ್ಚಿ, ಕತ್ತಲಾಗುವವರೆಗೆ ಉಳಿಯಿಂದ ಕೆರೆಯುತ್ತಿದ್ದರು. ರಜೆಯ ದಿನ ಬೆಳಗಿನಿಂದ. ಸಮಸ್ಯೆ ಏನೆಂದರೆ ಕೆರೆಯಬೇಕಾದ ಕೋಣೆಯೇ ಮಮ್ಮಿ ಮಲಗುವ ಕೋಣೆ. ಅವರ ಹಾಸಿಗೆ ಮುಂದಿನ ಕೋಣೆಗೆ ಬಂತು. ಅಲ್ಲಿ ಬೆಳಕು, ಮಸೀದಿಯ ಬಾಂಗು, ಹಿಂದಿನಿಂದ ಗೋಡೆಯುದ್ದಕ್ಕೂ ಹರಿದು ಬರುವ ಕರಕರ. ನನ್ನ ಡೈರಿಯ ಮೂಲೆಯಲ್ಲಿ ಗೆರೆಗಳು ಬೇಲಿಯಂತೆ ನಿಂತವು. ಒಂದು ಶನಿವಾರ ಮಮ್ಮಿ ಎದ್ದು ಬಂದರು. ಕಣ್ಣು ಕೆಂಪಗಿತ್ತು. ಮೊದಲ ಸಲ ಅವರು ಬಾಗಿಲು ಮುಚ್ಚದೆ ಜಗಳವಾಡಿದರು.

“ನಿಲ್ಸಿ.”

“ಒಂದು ಗೋಡೆ ಮುಗೀತು. ಇನ್ನು ಮೂರೇ.”

“ನಿಮಗೆ ಜಿಂಜ್ ಬೇಕಿತ್ತು. ಸಿಕ್ತಲ್ಲ ಈಗ?”

ಪಪ್ಪ ಉಳಿ ಕೆಳಗಿಟ್ಟರು. ಅವರ ರೆಪ್ಪೆಯ ಮೇಲೆಲ್ಲ ಹಸಿರು ಪುಡಿ ಕೂತಿತ್ತು.

“ನಾನು ಬೇಕೂಂತ ಮಾಡಿದ್ದಾ? ಹಾಗೆ ಹೇಳ್ತೀಯಾ ನೀನು? ನಿನ್ನ ಕೆಮ್ಮಿಗೆ ಅಲ್ವಾ ಬಳಿದದ್ದು?”

ಆಗ ರೋಹನ್, ಎಂಟು ವರ್ಷದವನು, ಕೊಂಕಣಿಯಲ್ಲಿ ನನ್ನನ್ನು ಕೇಳಿದ, ಅವರು ಏನು ಹೇಳುತ್ತಿದ್ದಾರೆ ಎಂದು. ನಾನು ಯೋಚಿಸದೆ ಅವರ ಮಾತನ್ನೆಲ್ಲ ಕೊಂಕಣಿಯಲ್ಲಿ ಹೇಳಿಬಿಟ್ಟೆ. ಇಬ್ಬರೂ ತಿರುಗಿ ನನ್ನನ್ನು ನೋಡಿದರು. ಇಷ್ಟು ವರ್ಷಗಳ ಜಗಳವನ್ನೆಲ್ಲ ನಾನು ಕೇಳಿದ್ದೆ ಎಂದು ಆ ಕ್ಷಣದಲ್ಲಿ ಅವರಿಗೆ ತಿಳಿಯಿತು. ಮಮ್ಮಿ ಬಾಗಿಲ ಚೌಕಟ್ಟಿಗೆ ಒರಗಿದರು. ಆಮೇಲೆ ಮಾತಾಡಿದ್ದು ಮೆಲ್ಲಗೆ, ಕೊಂಕಣಿಯಲ್ಲಿ, ನಮಗೆಲ್ಲರಿಗೂ ಕೇಳುವಂತೆ. ನಿನ್ನೆ ವಾರ್ಡಿನಲ್ಲಿ ಒಬ್ಬ ಮುದುಕನ ಹೆಸರನ್ನು ಎರಡು ಸಲ ಓದಿದರೂ ತಲೆಗೆ ಹೋಗಲಿಲ್ಲ. ಲೀನಾ ನಿನ್ನೆ ರಜೆಯಲ್ಲಿದ್ದಳು. ಕೈ ಹಿಡಿಯಲು ಯಾರೂ ಇರಲಿಲ್ಲ. ನಾನೇ ಸಿರಿಂಜ್ ಕೆಳಗಿಟ್ಟು ಬೇರೆಯವರನ್ನು ಕರೆದೆ, ಎಂದರು.

“ಗೋಡೆ ಉಳಿಸ್ಲಿಕ್ಕೆ ಹೋದ್ರೆ ನಾನು ಉಳಿಯುವುದಿಲ್ಲ. ಹಾಸಿಗೆ ಒಳಗೆ ಹಾಕಿ. ರಜೆಯವರೆಗೆ ಮಲಗ್ತೇನೆ. ಮತ್ತೆ ಹೋಗುವ.”

ಪಪ್ಪ ಹಲಗೆಗಳನ್ನು ಮತ್ತೆ ಏಣುಗಳ ಮೇಲೆ ಜೋಡಿಸಿದರು. ಕೆರೆದ ಗೋಡೆ ಒಂದು, ಸಿಡುಬಿನ ಗೋಡೆ ಮೂರು. ಅವುಗಳ ನಡುವೆ ಮಮ್ಮಿ ಮಲಗಿದರು. ಮೇಲಿನಿಂದ ಹಸಿರು ಹಾಳೆಗಳು ಬೀಳುವುದನ್ನು ತಡೆಯಲು ಪಪ್ಪ ಹಾಸಿಗೆಯ ಮೇಲೆ ಬೆಡ್‌ಶೀಟಿನ ಚಪ್ಪರ ಕಟ್ಟಿದರು.

ರಜೆ ಬಂದಾಗ ಜಿಂಜ್‌ಗೆ ಹೋದೆವು. ಮಮ್ಮಿ ಹಗಲು ಪಾಳಿಗೆ ಬದಲಾದರು. ನಾವು ಬೀಗದ ಕೈ ಕುತ್ತಿಗೆಗೆ ಹಾಕಿಕೊಂಡು ಶಾಲೆಯಿಂದ ಬರುವ ಮಕ್ಕಳಾದೆವು. ಪಪ್ಪನಿಗೆ ಗೆಳೆಯರು ಸಿಕ್ಕರು, ಆದರೆ ಇಸ್ಪೀಟಿಗೆ ಹೋಗುತ್ತಿರಲಿಲ್ಲ. ಹಗಲೇ ಮಲಗಿ ಅಭ್ಯಾಸವಾದ ಮಮ್ಮಿಗೆ ರಾತ್ರಿ ನಿದ್ರೆ ಹತ್ತಲಿಲ್ಲ. ಕುಕ್ಕರ್ ಎಷ್ಟು ಬೇಕಾದರೂ ಕೂಗಬಹುದಾಗಿತ್ತು. ಮೊದಲ ದಿನ ಅದು ಕೂಗಿದಾಗ ರೋಹನ್ ಓಡಿಹೋಗಿ ಗ್ಯಾಸ್ ಆರಿಸಿದ. ಇವತ್ತಿಗೂ ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಆಚೆಯವರು “ಹಲೋ, ಜೋರಾಗಿ ಹೇಳಿ” ಎನ್ನುತ್ತಾರೆ. ಕ್ರಿಸ್ಮಸ್ ಬಂದರೆ ಪಪ್ಪ ಯಾವ ಗೋಡೆಗೂ ಬಣ್ಣ ಬಳಿಯುವುದಿಲ್ಲ.

ಈ ವರ್ಷ ಮಮ್ಮಿ ನಿವೃತ್ತರಾಗುತ್ತಾರೆ. ಮೊನ್ನೆ ಪಪ್ಪನ ಫೋನಿಗೆ ಸಿರಾಜ್ ಅಂಕಲ್ ಒಂದು ಜಾಹೀರಾತು ಕಳಿಸಿದರು: ಹಳ್ಳಿಯ ತೋಟಗಳ ನಡುವೆ, ಮಧ್ಯಯುಗದ ಕೋಣೆಯಿರುವ, ಪೂರ್ತಿ ಜೀರ್ಣೋದ್ಧಾರವಾದ ಮನೆ ಮಾರಾಟಕ್ಕಿದೆ. ಜಾಫರನಿಂದ ಕೊಂಡವರು ಈಗ ಮಾರುತ್ತಿದ್ದರು. ಪಪ್ಪ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿ ಬಾಲ್ಕನಿಗೆ ಹೋದರು. ಮಮ್ಮಿ ಅದನ್ನು ತಿರುಗಿಸಿ ಓದಿ, ಕೊಂಕಣಿಯಲ್ಲಿ ಮಗಳೇ ಎಂದು ಕರೆದು ನನಗೆ ಹೇಳಿದರು:

“ಕಾರು ತೆಗಿ, ಬಾಯೆ. ನೋಡಿ ಬರುವ. ನೋಡ್ಲಿಕ್ಕೆ ದುಡ್ಡು ಬೇಡಲ್ಲ.”

ಮಧ್ಯಾಹ್ನ ಮೂರರ ಬಿಸಿಲು. ಸಿರಾಜ್ ಅಂಕಲ್ ಅವರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಗಂಟಲು ಹಾಗೇ ಇತ್ತು. “ಬನ್ನಿ ಸಿಸ್ಟರ್, ನಿಮ್ಮ ಮನೆಗೆ ನಾನು ದಾರಿ ತೋರಿಸ್ಬೇಕಾ?” ಎಂದರು. ಬೋರೆ ಮರ ಇರಲಿಲ್ಲ. ಮದ್ಬಸದ ಗೋಡೆಗಳು ಬೆಳ್ಳಗೆ, ಒಣಗಿ, ಹಾಜಿ ಬಿಟ್ಟುಹೋದ ಹಾಗೇ ಇದ್ದವು. ಯಾರೋ ತಿಳಿದವರು ತಾಳ್ಮೆಯಿಂದ ಮಾಡಿದ್ದರು. ಮಮ್ಮಿ ಮಂಡಿಯೂರಿ ಏಣುಗಳ ನಡುವೆ ಬೆರಳಾಡಿಸುತ್ತಾ ಹೋದರು. ಮೂಲೆಯ ಕಾಲುವೆಯೊಂದರಲ್ಲಿ, ಬೆರಳುಗುರಿನಷ್ಟು, ಹಸಿರು ಇತ್ತು. ಅದನ್ನು ಕೀಳಲಿಲ್ಲ. ನೋಡಿದರು, ಅಷ್ಟೆ.

“ಪಪ್ಪನಿಗೆ ಹೇಳ್ಬೇಡ,” ಎಂದರು. ಏಣಿನ ಮೇಲೆ ಕೂರುತ್ತಾ, “ಎಂತೆಂತದ್ದೋ ಹೇಳಿಬಿಟ್ಟೆ ಅವರಿಗೆ ಆ ದಿನ,” ಎಂದರು.

ದುಪಟ್ಟಾವನ್ನು ಮಡಿಸಿ ಏಣಿನ ಮೇಲಿಟ್ಟು, ಬೆನ್ನು ನೋವು, ಒಂದು ನಿಮಿಷ ಎಂದು ಒರಗಿದರು. ಹಲಗೆ ಇರಲಿಲ್ಲ, ಹಾಸಿಗೆ ಇರಲಿಲ್ಲ. ನಾನು ಗೋಡೆಗೆ ಮೂಗು ಒತ್ತಿ ಬೆಲ್ಲದ ವಾಸನೆ ಇದೆಯೇ ಎಂದು ನೋಡಿ ತಿರುಗುವಷ್ಟರಲ್ಲಿ ಅವರ ಉಸಿರು ಬದಲಾಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಕೈಬೆರಳುಗಳು ಕಾಲುವೆಯೊಳಗೆ ಸಡಿಲವಾಗಿ ಬಿದ್ದಿದ್ದವು.

ಬಗ್ಗಿ ಹೊರಗೆ ಬಂದೆ. ಅಂಗಳದ ಆಚೆ, ಗೇಟಿನಲ್ಲಿ, ಮನೆ ನೋಡಲು ಬಂದ ಒಂದು ಕುಟುಂಬ ನಿಂತಿತ್ತು. ಸಿರಾಜ್ ಅಂಕಲ್ ಅವರಿಗೆ ಕೈ ಬೀಸಿ ಏನೋ ಜೋಕು ಹೇಳಿ ನಗಿಸುತ್ತಾ ಒಳಗೆ ಕರೆತರುತ್ತಿದ್ದರು. ನಾನು ಮಾತಾಡಲಿಲ್ಲ. ಅಂಗೈ ಕೆಳಗೆ ಮಾಡಿ ಎರಡು ಸಲ ಒತ್ತಿದೆ.

ಅವರು ನಿಂತರು. ನನ್ನ ಹಿಂದಿನ ಸಣ್ಣ ಬಾಗಿಲನ್ನು ನೋಡಿದರು. ಆಮೇಲೆ ಆ ಕುಟುಂಬವನ್ನು ಎರಡೂ ಕೈಗಳಿಂದ ಮೆಲ್ಲನೆ ಗೇಟಿನ ಹೊರಗೆ ತಳ್ಳುತ್ತಾ, ಅಷ್ಟು ದೊಡ್ಡ ಗಂಟಲನ್ನು ಅಷ್ಟು ಸಣ್ಣದು ಮಾಡಿ ಹಿಂದಿಯಲ್ಲಿ ಹೇಳಿದರು:

“ಐದು ಗಂಟೆಗೆ ಬನ್ನಿ. ಒಳಗೆ ಮನೆಯವರು ಮಲಗಿದ್ದಾರೆ.”